ಮಡಕೆಗೆ ಉಣಿಸಿದ್ದು

ಎಲ್ಲರ ಬಾಯಲ್ಲೂ ಕ್ಯಾಂಟೀನಕ್ಕ ಆಗಿದ್ದ ಆ ಹೆಂಗಸು ಕಾರ್ಖಾನೆಯ ಅಡುಗೆಮನೆಯಲ್ಲೇ ಆಯುಷ್ಯ ಸವೆಸಿದವಳು. ಯಾರ ಮುಖ ಬಾಡಿದ್ದರೂ ಅವಳಿಗೆ ಗೊತ್ತಿದ್ದ ಮದ್ದು ಒಂದೇ, ಇನ್ನೊಂದು ಸೌಟು ಬಡಿಸುವುದು.

ಅವಳು ಕೆಲಸ ಬಿಟ್ಟು ಮನೆಯಲ್ಲಿ ಕೂತ ವರ್ಷ ಸೊಸೆ ತಾರಸಿಯ ಮೂಲೆಯಲ್ಲಿ ಗೊಬ್ಬರಕ್ಕೆಂದು ತೂತು ಕೊರೆದ ಮಡಕೆಯೊಂದನ್ನು ಇಟ್ಟಳು. ವಾಸನೆ ಬಂದರೆ ಅಂದೇ ತೆಗೆಯಬೇಕೆಂದು ಹೇಳಿಯೇ ಮನೆ ಮಾಲೀಕರು ಒಪ್ಪಿದ್ದರು. ಮದುವೆಯಾಗಿ ಬಂದ ಮೇಲೆ ಆ ಹುಡುಗಿ ತನಗೆಂದು ಆಸೆಪಟ್ಟು ಕೇಳಿದ್ದು ಅದೊಂದೇ. ಗೊಬ್ಬರವಾದರೆ ಗುಲಾಬಿ ನೆಡುವ ಕನಸು ಅವಳದು.

"ಅತ್ತೆ, ತರಕಾರಿ ಸಿಪ್ಪೆ, ಚಹಾದ ಚರಟ, ಮೊಟ್ಟೆ ಚಿಪ್ಪು ಹಾಕಿ. ಮೇಲೊಂದು ಹಿಡಿ ಒಣಗಿದೆಲೆ. ಎಣ್ಣೆ ಬಿದ್ದದ್ದು, ಹಾಲು, ಮೀನು, ಮಾಂಸ ಮಾತ್ರ ಬೇಡವೇ ಬೇಡ."

"ಅಯ್ಯೋ, ಬಾಣಂತಿ ಪಥ್ಯಾನೂ ಇಷ್ಟು ಬಿಗಿ ಇರಲ್ವಲ್ಲೇ!" ಎಂದು ಅತ್ತೆ ನಕ್ಕಳು.

ವಾರಗಳು ಕಳೆದರೂ ಸಿಪ್ಪೆ ಸಿಪ್ಪೆಯಾಗಿಯೇ ಇತ್ತು. ಸೊಸೆ ದಿನವೂ ಇಣುಕಿ, ಮುಖ ಸಪ್ಪೆ ಮಾಡಿಕೊಂಡು ಇಳಿದು ಬರುವಳು. ಅತ್ತೆಯ ಕರುಳು ಚುರ್ರೆಂದಿತು. ಬರೀ ಸಿಪ್ಪೆ ತಿಂದರೆ ಯಾರ ಮೈ ತಾನೇ ತುಂಬೀತು? ಸೊಸೆ ಕೆಲಸಕ್ಕೆ ಹೋದ ಹೊತ್ತು ನೋಡಿ ಉಳಿದ ಕರಿದ ಮೀನು, ಹಾಲಿನ ಕೆನೆ ಎಲ್ಲವನ್ನೂ ಮಡಕೆಗೆ ಸುರಿದು, ಎಲೆ ಮುಚ್ಚಿ, ಕೂಸಿಗೆ ಉಣಿಸಿದವಳಂತೆ ಕೈ ತೊಳೆದುಕೊಂಡಳು. ಮರುದಿನವೂ ಹಾಗೆಯೇ ಮಾಡಿದಳು, ಅದರ ಮರುದಿನವೂ.

ಆ ವಾರವೇ ಮಾಲೀಕರು ಬಾಗಿಲು ಬಡಿದರು. "ಮೂಗು ಬಿಡೋಕಾಗ್ತಿಲ್ಲಮ್ಮ! ಹುಳ ಗೋಡೆ ಹತ್ತಿವೆ. ಏನು ಹಾಕಿದೀರಿ ಅದಕ್ಕೆ?"

ಮೂವರೂ ಮೇಲೆ ಹೋಗಿ ಮಡಕೆಯ ಮುಚ್ಚಳ ತೆಗೆದರೆ ಮೀನಿನ ಮುಳ್ಳು. ಸೊಸೆ ಅತ್ತೆಯನ್ನು ಒಮ್ಮೆ ನೋಡಿ ಮಾಲೀಕರತ್ತ ತಿರುಗಿದಳು.

"ನಂದೇ ತಪ್ಪು ಸಾರ್. ಈಗ್ಲೇ ತೆಗೀತೀನಿ."

ನಿಜ ಅತ್ತೆಯ ನಾಲಿಗೆಯ ತುದಿಗೆ ಬಂದಿತ್ತು. ಈ ವಯಸ್ಸಿನಲ್ಲಿ ಕಂಡವರ ಮುಂದೆ ಮರ್ಯಾದೆ ಹೋಗುವುದೆಂದು ನುಂಗಿಕೊಂಡಳು. ಸೊಸೆ ಸೆರಗಿನಿಂದ ಮೂಗು ಮುಚ್ಚಿ ಮಡಕೆ ಹೊತ್ತು ಇಳಿದಳು.

ಅಂದು ಬೈದಿದ್ದರೂ ಚೆನ್ನಾಗಿತ್ತು. ಅವಳು ಪಾತ್ರೆ ಕುಕ್ಕಲಿಲ್ಲ, ಮಾತು ಬಿಡಲಿಲ್ಲ, ಎಂದಿನಂತೆಯೇ ಊಟಕ್ಕೆ ಕರೆದಳು. ಆದರೆ ಆ ಮನೆಯಲ್ಲಿ ಮತ್ತೆ ಏನನ್ನೂ ಬೇಕೆಂದು ಕೇಳಲಿಲ್ಲ. ಅತ್ತೆಗೆ ಉಂಡ ಅನ್ನ ಮೈಗೆ ಹತ್ತದಾಯಿತು.

ಬಹಳ ದಿನಗಳ ಮೇಲೆ ಅವಳೇ ಮಾಲೀಕರ ಮನೆಗೆ ಹೋಗಿ, ಮೀನು ಹಾಕಿದವಳು ನಾನು ಎಂದು ಹೇಳಿ, ಕೈಮುಗಿದು ಒಪ್ಪಿಸಿ ಬಂದಳು.

"ಮಾಲೀಕರು ಹೂಂ ಅಂದ್ರು ಕಣೇ. ಮತ್ತೆ ಮಡಕೆ ಇಡೋಣ್ವಾ? ಈ ಸಲ ನಾನು ಆ ಕಡೆ ತಲೇನೂ ಹಾಕಲ್ಲ."

ಸೊಸೆ ಹೆಚ್ಚುತ್ತಿದ್ದ ತರಕಾರಿಯಿಂದ ತಲೆಯೆತ್ತಿದಳು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ.

"ಈಗ್ಯಾಕೆ ಬಿಡಿ ಅತ್ತೆ. ಆ ಆಸೆನೇ ಹೋಯ್ತು."

ಸಿಪ್ಪೆಯನ್ನೆಲ್ಲ ಪ್ಲಾಸ್ಟಿಕ್ ಚೀಲಕ್ಕೆ ಬಳಿದು ಹಾಕಿ ಗಂಟು ಕಟ್ಟಿದಳು.