ಮೇಲಿನ ಬೀದಿಗೆ ನೀರು ತರುತ್ತಿದ್ದವನು

ಗುಡ್ಡದ ಮೇಲಿನ ಬೀದಿಗಳಿಗೆ ನಲ್ಲಿ ಇರಲಿಲ್ಲ. ಟ್ಯಾಂಕರ್ ಇತ್ತು, ಅದನ್ನು ಓಡಿಸಲು ಅವನಿದ್ದ. ಜೊತೆಯ ಡ್ರೈವರುಗಳು ಅವನಿಗಿಟ್ಟ ಹೆಸರು ಗುಮಾನಿ. ಹಸಿರು ದೀಪ ಬಿದ್ದ ಮೇಲೂ ಎರಡೂ ಕಡೆ ನೋಡಿಯೇ ಗಾಡಿ ಬಿಡುವವನು. ಯಾರಾದರೂ ಚಹಾ ಕೊಡಿಸಿದರೆ ಅವರ ಮುಖ ನೋಡದೆ ಲೋಟ ಮುಟ್ಟದವನು. ಗಂಡ ತೀರಿಕೊಂಡ ಮೇಲೆ ಜೊತೆಯಲ್ಲೇ ಇದ್ದ ಅಕ್ಕ, “ನನ್ನ ಸಾರಿಗೂ ಒಂದಿನ ಸಾಕ್ಷಿ ಕೇಳ್ತಾನೆ ಇವನು” ಎಂದು ನಗುತ್ತಿದ್ದಳು.

ಆ ಬೀದಿಗಳಿಗೆ ದೊಡ್ಡ ಪೈಪ್‌ಲೈನ್ ಬರುತ್ತದೆಂಬ ಸುದ್ದಿ ಹಬ್ಬಿತು. ಅಗೆಯುವ ಮೊದಲು, ಇದರಿಂದ ಮಣ್ಣು-ನೀರಿಗೆ ಏನಾದೀತು, ಯಾರ ಹೊಟ್ಟೆಪಾಡಿಗೆ ಕಲ್ಲು ಬಿದ್ದೀತು ಎಂದು ತಿಳಿಯಲು ಅಧ್ಯಯನದವರು ಬಂದರು. ಅವರಲ್ಲಿ ಒಬ್ಬಾಕೆ ಬೆಳಿಗ್ಗೆ ಬಂದು, “ಇವತ್ತು ನಿಮ್ಮ ಜೊತೆ ಬರ್ಲಾ?” ಎಂದು ಕೇಳಿ ಟ್ಯಾಂಕರ್ ಹತ್ತಿ ಕೂತಳು.

ಅವನು ಬೇಡವೆನ್ನಲಾರದೆ ಗಾಡಿ ಬಿಟ್ಟ. ನೀರು ತುಂಬುತ್ತಿದ್ದದ್ದು ಹಳೇ ಇಟ್ಟಿಗೆ ಗೂಡಿನ ಹಿಂದೆ ಟ್ಯಾಂಕರಿನ ಮಾಲೀಕ ಕೊರೆಸಿದ ಬೋರ್‌ವೆಲ್‌ನಲ್ಲಿ. ಅದಕ್ಕೆ ಪರವಾನಗಿ ಇರಲಿಲ್ಲ. ಅದು ಶುರುವಾದ ಮೇಲೆ ಕೆಳಗಿನ ಓಣಿಯ ಕೈಪಂಪು ಕೆಮ್ಮಿ ಕೆಮ್ಮಿ ನಿಂತೇಹೋಗಿತ್ತು. ಪುಣ್ಯಕ್ಕೆ ಅವಳು ಬರುವ ಮೊದಲೇ ಟ್ಯಾಂಕ್ ತುಂಬಿತ್ತು.

“ನೀರು ಎಲ್ಲಿಂದ ತರ್ತೀರಿ?”

“ನಗರಸಭೆ ಪಾಯಿಂಟಿಂದ.”

ಅವಳು ತಲೆಯಾಡಿಸಿದಳು. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುವುದೊಂದೇ ಅವನಿಗೆ ಬಾಕಿ. ಮೇಲೆ ಹೋಗಿ ಪೈಪು ಬಿಚ್ಚಿದಾಗ ಅವಳು ಒಂದು ಬಾಟಲಿಯಲ್ಲಿ ನೀರು ಹಿಡಿದುಕೊಂಡದ್ದು ಕಂಡಿತು. ಕುಡಿಯುವುದಕ್ಕೋ, ತನ್ನನ್ನು ಹಿಡಿದುಹಾಕುವುದಕ್ಕೋ?

ವಾರ ಕಳೆಯುವಷ್ಟರಲ್ಲಿ ಮಾಲೀಕ ಮನೆಗೇ ಬಂದ. ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತು, ಅಕ್ಕನ ಮಂಡಿನೋವು ಹೇಗಿದೆ ಎಂದು ವಿಚಾರಿಸಿದ. ಆಮೇಲೆ ಹೇಳಿದ: “ಜನರ ಅಭಿಪ್ರಾಯ ಕೇಳೋ ಸಭೆ ಇದೆ. ಪೈಪ್ ಬಂದ್ರೆ ಡ್ರೈವರ್‌ಗಳ ಹೆಂಡ್ತಿ ಮಕ್ಕಳು ಬೀದಿಗೆ ಬೀಳ್ತಾರೆ ಅಂತ ನೀನೇ ಎದ್ದು ಹೇಳ್ಬೇಕು. ನಿಮಗೋಸ್ಕರ ತಾನೆ ನಾನು ಓಡಾಡ್ತಿರೋದು?”

ಮಾಲೀಕ ಹೋದ ಮೇಲೆ ಅಕ್ಕ ಲೋಟ ತೊಳೆಯುತ್ತ ಅಂದಳು: “ಇಷ್ಟು ವರ್ಷ ಹೊಸ್ತಿಲು ತುಳೀದವನು ಇವತ್ತು ನನ್ನ ಮಂಡಿ ವಿಚಾರಿಸ್ತಾನೆ. ಏನೋ ಇದೆ ಕಣೋ.”

ಏನಿತ್ತೆಂಬುದು ಶೆಡ್ಡಿನಲ್ಲಿ ಕಂಡಿತು. ಯಾರೋ ಅಪರಿಚಿತ ಅವನ ಟ್ಯಾಂಕರಿನ ಟೈರಿಗೆ ಒದ್ದು ನೋಡುತ್ತಿದ್ದ, ಬಾನೆಟ್ ಎತ್ತಿಸಿ ಇಣುಕುತ್ತಿದ್ದ. ಅವನು ಯಾರೆಂದು ಗುಮಾನಿ ಮೆಕ್ಯಾನಿಕ್‌ನನ್ನು ಕೇಳಿದ.

“ಗಾಡಿ ತಗೊಳ್ಳೋ ಪಾರ್ಟಿ. ಮೂರೂ ಟ್ಯಾಂಕರ್ ಮಾರ್ತಾರಂತಲ್ಲ, ನಿಂಗೆ ಗೊತ್ತಿಲ್ವಾ? ವ್ಯಾಪಾರ ಹೋಯ್ತು ಅಂತ ಯೋಜನೆಯವರಿಂದ ಪರಿಹಾರ ಬೇರೆ ಬರುತ್ತಂತೆ.”

ಡ್ರೈವರುಗಳ ಕಣ್ಣೀರು ತೋರಿಸಿ ಪರಿಹಾರ ಮಾಲೀಕನಿಗೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹಾವು ಸತ್ತ ಮೇಲೆ ಬಿಸಾಡುವ ಆ ಕೋಲು ತಾನೇ ಎಂದು ಅವನಿಗೆ ತಿಳಿಯಿತು.

ಸಭೆ ಶಾಲೆಯ ಹಾಲಿನಲ್ಲಿ ನಡೆಯಿತು. ಮಾಲೀಕ ಮುಂದಿನ ಸಾಲಿನಲ್ಲಿ ಕೂತು ಹಿಂದೆ ತಿರುಗಿ ಕಣ್ಸನ್ನೆ ಮಾಡಿದ. ಗುಮಾನಿ ಎದ್ದು ಮೈಕು ಹಿಡಿದ. ವೇದಿಕೆಯ ಮೇಲಿದ್ದ ಅಧಿಕಾರಿಗಳ, ಅಧ್ಯಯನದವರ ಮೇಲೂ ಅವನಿಗೆ ನಂಬಿಕೆ ಇರಲಿಲ್ಲ.

“ಪೈಪ್ ಬಂದ್ರೆ ನನ್ನ ಕೆಲಸ ಹೋಗುತ್ತೆ. ಅದು ನಿಜ. ಪರಿಹಾರ ಅಂತ ಏನಾದ್ರೂ ಇದ್ರೆ ಗಾಡಿಗಲ್ಲ, ಗಾಡಿ ಓಡಿಸೋರಿಗೆ ಕೊಡಿ. ಇನ್ನೊಂದು ಮಾತು. ನೀರೆಲ್ಲಿಂದ ಅಂತ ಈ ಮೇಡಂ ಕೇಳಿದ್ರು, ನಾನು ಸುಳ್ಳು ಹೇಳ್ದೆ. ಇಟ್ಟಿಗೆ ಗೂಡಿನ ಹಿಂದೆ ಹೋಗಿ ನೋಡಿ. ಹಾಗೇ ಕೆಳಗಿನ ಓಣಿ ಕೈಪಂಪನ್ನೂ ಒಂದ್ಸಲ ಒತ್ತಿ ನೋಡಿ.”

ಕೆಳಗಿನ ಓಣಿಯ ಹೆಂಗಸೊಬ್ಬಳು ಎದ್ದುನಿಂತು, “ಎರಡು ಬೇಸಿಗೆಯಿಂದ ಇದನ್ನೇ ಬಡ್ಕೋತಿದೀವಿ” ಎಂದಳು.

ಮರುದಿನ ಮಾಲೀಕ ಅವನಿಂದ ಕೀಲಿ ಕಿತ್ತುಕೊಂಡ. ಚಹಾ ಅಂಗಡಿಯಲ್ಲಿ ಹಳೇ ಗೆಳೆಯರು ಬೆಂಚಿನ ಆ ತುದಿಗೆ ಸರಿದು ಕೂರತೊಡಗಿದರು. ಅಕ್ಕ ಅಕ್ಕಪಕ್ಕದವರ ಬಟ್ಟೆ ಹೊಲಿದು ಮನೆ ನಡೆಸಿದಳು. ಬಾಗಿಲು ತಟ್ಟಿದ ಸದ್ದಾದರೆ ಅವನು ಮೊದಲು ಕಿಟಕಿಯಲ್ಲಿ ಇಣುಕುತ್ತಿದ್ದ.

ಹಾಗೆ ಇಣುಕಿದ ಒಂದು ದಿನ ಹೊರಗೆ ಅಧ್ಯಯನದಾಕೆ ನಿಂತಿದ್ದಳು. ಬೋರ್‌ವೆಲ್ ಮುಚ್ಚಿಸುತ್ತಾರೆ, ಕೆಲಸ ಕಳೆದುಕೊಳ್ಳುವ ಡ್ರೈವರುಗಳಿಗೆ ಯೋಜನೆಯಲ್ಲೇ ಕೆಲಸ ಕೊಡಬೇಕೆಂದು ಬರೆದಿದ್ದೇವೆ ಎಂದಳು.

“ನನ್ನ ಮಾತು ಹೇಗೆ ನಂಬಿದ್ರಿ? ಒಂದ್ಸಲ ಸುಳ್ಳು ಹೇಳಿದ್ದೆನಲ್ಲ.”

“ನಂಬ್ಲಿಲ್ಲ. ಬಾಟಲಿ ನೀರು ಪರೀಕ್ಷೆ ಮಾಡಿಸಿದಾಗ್ಲೇ ಅದು ನಗರಸಭೆ ನೀರಲ್ಲ ಅಂತ ಅನುಮಾನ ಬಂದಿತ್ತು. ಸಭೆ ಮುಗಿದ್ಮೇಲೆ ಹೋಗಿ ನೋಡ್ಕೊಂಡು ಬಂದ್ವಿ.”

ನಂಬಿದೆ ಎಂದಿದ್ದರೆ ಬಾಗಿಲು ಹಾಕಿಕೊಳ್ಳುತ್ತಿದ್ದನೋ ಏನೋ. ಈಗ ಒಳಗೆ ಕರೆದು ಕೂರಿಸಿದ.

ಮುಂದೆ ಮೇಲಿನ ಬೀದಿಗೂ ಕೆಳಗಿನ ಓಣಿಗೂ ಪೈಪ್ ಬಂತು, ದಿನ ಬಿಟ್ಟು ದಿನ ನೀರೂ ಬಂತು. ವಾಲ್ವ್ ತಿರುಗಿಸುವ ಕೆಲಸ ಅವನಿಗೇ ಸಿಕ್ಕಿತು. ಮೇಲಿನ ಬೀದಿಯ ಅಜ್ಜಿಯೊಬ್ಬಳು ಕೊಡಪಾನ ಹಿಡಿದುಕೊಂಡು ಬಂದು ಅವನ ಪಕ್ಕದಲ್ಲೇ ನಿಲ್ಲುತ್ತಾಳೆ.

“ಕೆಳಗಿನೋರಿಗೆ ಎರಡು ಸುತ್ತು ಜಾಸ್ತಿ ಬಿಡ್ತೀಯಂತೆ. ಹೌದೇನೋ?”

“ಬನ್ನಿ ಅಜ್ಜಿ, ನೀವೇ ಎಣಿಸಿ” ಎಂದು ಅವನು ಪಕ್ಕಕ್ಕೆ ಸರಿದು ಜಾಗ ಬಿಡುತ್ತಾನೆ.