ಇಂಟರ್‌ವ್ಯೂಗೆ ಅಪ್ಪನೂ ಬಂದರು

ಹಾರೋಹಳ್ಳಿ ಕಡೆ ಒಂದರ ಹಿಂದೊಂದು ಫ್ಯಾಕ್ಟರಿಗಳು ಏಳುತ್ತಿದ್ದ ಕಾಲ. ನಾನು ಕನಕಪುರದ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಹೇಳುತ್ತಿದ್ದೆ. ಒಂದು ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಕ್ಕಳು. ಮರಳವಾಡಿ ಕಡೆಯ ರೈತರ ಮಗಳು, ಬಿಎಸ್‌ಸಿ ಫಸ್ಟ್ ಕ್ಲಾಸು. ಈಗೇನು ಮಾಡ್ತಿದ್ದೀಯ ಅಂದೆ.

"ಗಾರ್ಮೆಂಟ್ಸಲ್ಲಿ ದಾರ ಕತ್ತರಿಸ್ತೀನಿ ಮೇಡಂ," ಅಂದಳು, ಸೀರೆಗೆ ಅಂಟಿದ್ದ ಚೂರುಗಳನ್ನು ಕೊಡವುತ್ತ.

ನನಗೆ ಮೈಯೆಲ್ಲ ಉರಿಯಿತು. ಗಾರ್ಮೆಂಟ್ಸ್ ಕೆಲಸ ಕೀಳೆಂದಲ್ಲ, ಅದರಿಂದ ಎಷ್ಟೋ ಮನೆಗಳ ಒಲೆ ಉರಿದಿದೆ. ಆದರೆ ಅದೇ ರಸ್ತೆಯಲ್ಲಿ ಔಷಧಿ ಫ್ಯಾಕ್ಟರಿಯವರು ಲ್ಯಾಬಿಗೆ ಜನ ಬೇಕು ಎಂದು ಗೇಟಿಗೆ ಬೋರ್ಡು ತೂಗುಹಾಕಿದ್ದರು. ಬೇರೆ ಎಲ್ಲೂ ಪ್ರಯತ್ನ ಮಾಡಲಿಲ್ಲವಾ ಎಂದು ದಬಾಯಿಸಿ ಕೇಳಿದ ಮೇಲೆ ವಿಷಯ ಹೊರಬಿತ್ತು. ಒಂದು ಕಂಪನಿಗೆ ಹೋಗಿದ್ದಳಂತೆ. ರೇಷ್ಮೆ ಸೀರೆ, ಮುಡಿತುಂಬ ಮಲ್ಲಿಗೆ. ಜೊತೆಗೆ ಅಪ್ಪ, ದೊಡ್ಡಪ್ಪ, ಸೋದರಮಾವ. ಇವಳು ತಲೆ ಬಗ್ಗಿಸಿ ಕೂತಳು, ಕೇಳಿದ್ದಕ್ಕೆಲ್ಲ ಗಂಡಸರೇ ಉತ್ತರ ಕೊಟ್ಟರು. ಕಂಪನಿಯವರು ಕಾಫಿ ಕೊಟ್ಟು ಕಳಿಸಿದರು.

"ದೊಡ್ಡೋರು ಕುಂತಿರುವಾಗ ನಾನ್ ಹೆಂಗ್ ಮೇಡಂ ಬಾಯ್ ಬುಡದು?"

"ಅದು ಇಂಟರ್‌ವ್ಯೂ ಕಣೇ, ಹೆಣ್ಣು ನೋಡೋ ಶಾಸ್ತ್ರ ಅಲ್ಲ!"

ಇನ್ನೊಂದು ಸಲ ಮಾತ್ರ ಎಂದು ಅಪ್ಪ ಷರತ್ತು ಹಾಕಿದ್ದರಂತೆ. ಅದೂ ಆಗದಿದ್ದರೆ ಮದುವೆಯಾಗುವ ತನಕ ದಾರ ಕತ್ತರಿಸುವುದೇ ಸೈ.

ಮರುದಿನದಿಂದ ಕೆಲಸ ಮುಗಿಸಿಕೊಂಡು ಕಾಲೇಜಿನ ಲ್ಯಾಬಿಗೆ ಬಾ ಎಂದೆ. ನಾನು ಪ್ರಶ್ನೆ ಕೇಳುವುದು, ಅವಳು ತಲೆ ಎತ್ತಿ ಉತ್ತರ ಹೇಳುವುದು. ನನ್ನ ಮುಂದೆ ಹುಡುಗಿ ಅರಳು ಹುರಿದಂತೆ ಮಾತಾಡಿದಳು. ಭಾನುವಾರ ಅವರ ಮನೆಗೇ ಹೋಗಿ, ಮುದ್ದೆ ಅವರೆಕಾಳು ಸಾರು ಉಂಡು, ಈ ಸಲ ಇಂಟರ್‌ವ್ಯೂಗೆ ಅವಳನ್ನು ಒಬ್ಬಳನ್ನೇ ಕಳಿಸಿ ಎಂದು ಅಪ್ಪನನ್ನು ಕೇಳಿಕೊಂಡೆ.

"ಅದೆಂಗಾದದು ಮೇಡಂ? ಒಬ್ಳೇ ಹೋದ್ರೆ, ಈ ಮಗೀಗೆ ಹಿಂದೆ ಮುಂದೆ ಯಾರೂ ದಿಕ್ಕಿಲ್ಲ ಅನ್ಕಳಕಿಲ್ವಾ ಕಂಪ್ನಿಯೋರು?"

ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ದೊಡ್ಡಪ್ಪನನ್ನೂ ಸೋದರಮಾವನನ್ನೂ ಹೇಗೋ ಬಿಡಿಸಿದೆ. ಅಪ್ಪ ಮಾತ್ರ ಜಗ್ಗಲಿಲ್ಲ. ಹಾಗಾದರೆ ನಾನೂ ಬರುತ್ತೇನೆ ಎಂದೆ.

ಇಂಟರ್‌ವ್ಯೂ ದಿನ, ರಾಹುಕಾಲಕ್ಕೆ ಮುಂಚೆ ಹೊರಡಬೇಕೆಂದು ಅಪ್ಪ ಹಟ ಹಿಡಿದಿದ್ದರಿಂದ ಔಷಧಿ ಫ್ಯಾಕ್ಟರಿಯ ಗೇಟು ತೆಗೆಯುವ ಮೊದಲೇ ನಾವು ಹಾಜರ್. ಕೊನೆಗೆ ಹುಡುಗಿಯನ್ನು ಕರೆದರು. ಅಪ್ಪ ಎದ್ದು, ಹೆಗಲ ಟವೆಲ್ಲು ಸರಿಮಾಡಿಕೊಂಡು, ಅವಳ ಹಿಂದೆಯೇ ಒಳಗೆ ನಡೆದುಬಿಟ್ಟರು. ನಾನು ಬೆಂಚಿನ ಮೇಲೆ ಹಲ್ಲು ಕಚ್ಚಿ ಕೂತೆ. ನಡುವೆ ಇದ್ದದ್ದು ಪ್ಲೈವುಡ್ಡಿನ ಗೋಡೆ, ಎಲ್ಲವೂ ಕೇಳುತ್ತಿತ್ತು.

"ಟೈಟ್ರೇಶನ್ ಮಾಡಿ ಅಭ್ಯಾಸ ಇದೆಯಾ?" ಎಂದರು ಇಂಟರ್‌ವ್ಯೂ ಮಾಡುತ್ತಿದ್ದ ಸಾಹೇಬರು. ಆಸಿಡ್ಡಿಗೆ ಹನಿಹನಿಯಾಗಿ ಕ್ಷಾರ ಬಿಟ್ಟು ಅಳೆಯುವ ಲ್ಯಾಬ್ ಕೆಲಸ ಅದು.

"ಎಲ್ಲಾ ಮಾಡ್ತಾಳೆ ಸಾ," ಅಂದರು ಅಪ್ಪ. "ಹಾಲ್ ಕರೀತಾಳೆ, ಮುದ್ದೆ ತೊಳಸ್ತಾಳೆ."

"ಅದು ಮುಗಿಯಿತು ಅಂತ ಹೇಗೆ ಗೊತ್ತಾಗುತ್ತೆ?"

"ಅವಳ ಮೇಡಂ ಆಚೆ ಕುಂತವ್ರೆ. ಕರೀಲಾ ಸಾ?"

ನಾನು ತಲೆ ಮೇಲೆ ಕೈ ಹೊತ್ತೆ. ಕೆಟ್ಟಿತು, ಇನ್ನು ಕಾಫಿ ಬರುತ್ತದೆ ಅಂದುಕೊಂಡೆ. ಆಗ ಹುಡುಗಿಯ ದನಿ ಕೇಳಿಸಿತು.

"ಅಪ್ಪಾ, ನೀನ್ ಒಸಿ ಆಚೆ ಕುಂತ್ಕೊ. ಅವ್ರು ಕೇಳ್ತಿರದು ನನ್ನ."

ಅಪ್ಪ ಹೊರಗೆ ಬಂದರು. ಮುಖ ಕೆಂಪಾಗಿತ್ತು. ನನ್ನ ಪಕ್ಕ ಕೂತು ಟವೆಲ್ಲಿನಿಂದ ಕತ್ತು ಒರೆಸಿಕೊಂಡರು. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಈಗ ಎದ್ದು ಮಗಳ ರಟ್ಟೆ ಹಿಡಿದು ಮನೆಗೆ ಹೊರಟರೆ ಯಾರು ತಡೆಯುವುದು?

ಒಳಗೆ ಅವಳು ಮೊದಲು ಮೆಲ್ಲಗೆ ಶುರುಮಾಡಿದಳು, ಆಮೇಲೆ ದನಿ ಏರಿತು. ನೀರು ತಿಳಿಗುಲಾಬಿಗೆ ತಿರುಗಿ ಹಾಗೇ ನಿಲ್ಲಬೇಕು, ಒಂದು ಹನಿ ಜಾಸ್ತಿಯಾದರೂ ಚೆಲ್ಲಿ ಮತ್ತೆ ಮೊದಲಿಂದ ಮಾಡಬೇಕು ಎಂದಳು. ಹನಿ ಜಾಸ್ತಿಯಾದದ್ದು ಯಾರಿಗೂ ಕಾಣದಿದ್ದರೆ ಎಂದು ಸಾಹೇಬರು ಕೆಣಕಿದರು. ನನಗೆ ಕಂಡಿರ್ತದಲ್ಲ ಸಾರ್ ಎಂದಳು. ಸಾಹೇಬರು ಜೋರಾಗಿ ನಕ್ಕರು.

ಅಪ್ಪ ಗೋಡೆಗೆ ಕಿವಿಗೊಟ್ಟಿದ್ದರು. "ಇದ್ನೆಲ್ಲಾ ಇವಳು ಯಾವಾಗ ಕಲ್ತ್ಲು ಮೇಡಂ?"

"ದಿನಾ ನೀವೇ ಬಸ್ ಹತ್ತಿಸಿ ಕಾಲೇಜಿಗೆ ಕಳಿಸ್ತಿದ್ರಲ್ಲ, ಆವಾಗ."

ಅವರು ಮತ್ತೆ ಗೋಡೆಗೆ ಕಿವಿಯಿಟ್ಟರು. ಒಂದಷ್ಟು ಹೊತ್ತಿನ ಮೇಲೆ ಸಾಹೇಬರು ಅವಳನ್ನು ಕರೆದುಕೊಂಡು ಹೊರಗೆ ಬಂದರು. ಬಂದವರು, ನಮ್ಮ ಕಡೆಯ ವಾಡಿಕೆಯಂತೆ, ಅಪ್ಪನನ್ನೇ ಕೇಳಿದರು.

"ಏನ್ ಯಜಮಾನ್ರೇ, ಸೋಮವಾರದಿಂದ ಮಗಳನ್ನ ಲ್ಯಾಬಿಗೆ ಕಳಿಸ್ತೀರಾ?"

ಅಪ್ಪ ಬಾಯಿ ತೆರೆದರು. ಅವರು ಮಗಳ ಮುಖ ನೋಡಿ ಬಾಯಿ ಮುಚ್ಚಿಕೊಂಡರು.

"ಅವಳನ್ನೇ ಕೇಳಿ ಸಾ."

"ಬತ್ತೀನಿ ಸಾರ್," ಅಂದಳು ಅವಳು.

ಅಪ್ಪ ಮಗಳ ಹತ್ತಿರ ಸರಿದು ದನಿ ತಗ್ಗಿಸಿದರು.

"ಕಂಪ್ನಿ ಬಸ್ಸು ನಮ್ಮೂರ್ ಗೇಟ್ಗೆ ಎಷ್ಟೊತ್ಗೆ ಬತ್ತದೆ ಅಂತ ನಾನ್ ಒಸಿ ಕೇಳ್ಲಾ ಮಗ?"