ಹತ್ತರಲ್ಲಿ ಒಬ್ಬಳು

ಬರ್ಸ್ಲೆಮ್ ಊರಿನ ಪಿಂಗಾಣಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಟೀ ಕಪ್ಪುಗಳಿಗೆ ಕಿವಿ, ಅಂದರೆ ಹಿಡಿಕೆ, ಅಂಟಿಸಿದ ಹಿಲ್ಡಾ ಕೋಲ್‌ಕ್ಲಫ್‌ಗೆ ಜೊತೆಯವರ ಮಾತು ತಿದ್ದುವ ಚಾಳಿ ಇತ್ತು. ಅಪ್ಪ ಬಿಟ್ಟುಹೋದ ಹರಕು ಇಂಗ್ಲಿಷ್ ನಿಘಂಟೇ ಅವಳ ಬಂಡವಾಳ. ಅದರಲ್ಲಿ ಎಂ ಅಕ್ಷರದಾಚೆ ಹಾಳೆಗಳಿರಲಿಲ್ಲ; ಆಚೆಗಿನ ಪದಗಳ ತಂಟೆಗೆ ಅವಳು ಹೋಗುತ್ತಲೂ ಇರಲಿಲ್ಲ.

‘ಡೆಸಿಮೇಟ್’ ಎಂಬ ಪದ ಸರ್ವನಾಶ ಎಂಬರ್ಥದಲ್ಲಿ ಕೇಳಿಸಿದರಂತೂ ಕೈಯ ಕಪ್ಪು ಕೆಳಗಿಡುವಳು. ಹುಳ ಬಂದು ನಮ್ಮ ಕೋಸನ್ನೆಲ್ಲ ಡೆಸಿಮೇಟ್ ಮಾಡಿತು ಎಂದು ಯಾರಾದರೂ ಗೋಳಾಡಿದರೆ, “ಹತ್ತರಲ್ಲಿ ಒಂದೇ ತಿಂತಾ? ಎಷ್ಟು ಮರ್ಯಾದಸ್ಥ ಹುಳ,” ಎನ್ನುವಳು. ಪಕ್ಕದ ಬೆಂಚಿನ ಎನಿಡ್ ಅವಳಿಗೆ ಪ್ರೊಫೆಸರಮ್ಮ ಎಂದು ಹೆಸರಿಟ್ಟಿದ್ದಳು.

೧೯೮೧ರ ಚಳಿಗಾಲದ ಒಂದು ಬೆಳಗ್ಗೆ, ಹೆಂಗಸರು ಚೀಸ್ ಸುತ್ತಿದ ಓಟ್ಸ್ ದೋಸೆ ತಿನ್ನುತ್ತಿದ್ದಾಗ, ಮ್ಯಾನೇಜರ್ ಪಾಯಿಂಟನ್ ಒಂದು ಕಪ್ಪು ತಂದಿಟ್ಟ. ಅದರೊಳಗೆ ಹತ್ತು ಚೀಟಿ. ಆ ವಿಭಾಗದಲ್ಲಿದ್ದ ಹೆಂಗಸರೂ ಹತ್ತೇ.

“ವ್ಯಾಪಾರ ಬಿದ್ದೋಗಿದೆ. ಹತ್ತಕ್ಕೆ ಒಬ್ರು ಹೋಗ್ಬೇಕು. ಯಾರು ಅಂತ ನಾನ್ಯಾಕೆ ಹೇಳ್ಲಿ, ನೀವೇ ಚೀಟಿ ಎತ್ತಿ, ಒಂದ್ರಲ್ಲಿ ಗುರುತಿದೆ. ಉಳಿದ ಒಂಬತ್ತು ಜನ, ನಮ್ಮೊಳಗೇ ತೀರ್ಮಾನ ಮಾಡ್ಕೊಂಡ್ವಿ ಅಂತ ಈ ಕಾಗದಕ್ಕೆ ಸಹಿ ಹಾಕಿ. ಹಾಂ, ಸೋಮವಾರದಿಂದ ಹತ್ತು ಗಂಟೆ ಟೀ ಇರಲ್ಲ.”

“ನಮ್ಮನ್ನ ಡೆಸಿಮೇಟ್ ಮಾಡ್ಬಿಟ್ರಲ್ಲೇ,” ಎಂದ ಎನಿಡ್ ನಾಲಿಗೆ ಕಚ್ಚಿಕೊಂಡಳು. ಅವಳ ಗಂಡ ಮಣ್ಣಿನ ಧೂಳು ಕುಡಿದು ಹಾಸಿಗೆ ಹಿಡಿದಿದ್ದ. ಅವಳು ಚೀಟಿಯತ್ತ ಕೈ ಚಾಚಿದಳು.

“ಇವತ್ತು ಸರಿಯಾಗಿ ಹೇಳ್ದೆ ಕಣೇ,” ಎಂದಳು ಹಿಲ್ಡಾ. ಅವಳ ಕತ್ತಿನವರೆಗೂ ಕೆಂಪೇರಿತ್ತು. “ರೋಮ್ ಸೈನ್ಯದ ಪದ ಅದು. ಡೆಸಿಮಸ್ ಅಂದ್ರೆ ಹತ್ತನೆಯವನು. ಪಡೆ ಹೆದರಿ ಓಡಿದ್ರೆ ಹತ್ತಕ್ಕೊಬ್ಬ ಅಂತ ಚೀಟಿ ಎತ್ತಿಸೋರು. ಅವನನ್ನ ಕೊಲ್ತಿದ್ದದ್ದು ಸೇನಾಪತಿ ಅಲ್ಲ, ಮಿಸ್ಟರ್ ಪಾಯಿಂಟನ್. ಅವನ ಜೊತೆ ಉಂಡು ಮಲಗ್ತಿದ್ದೋರ ಕೈಗೇ ದೊಣ್ಣೆ ಕೊಡ್ತಿದ್ರು. ಆಮೇಲೆ ಉಳಿದೋರಿಗೆ ಗೋಧಿ ಬದಲು ಬಾರ್ಲಿ ಹಾಕೋರು. ನಮ್ಗೆ ಟೀ ನಿಲ್ಸಿದ ಹಾಗೆ.”

“ಪಾಠ ಆಯ್ತಾ ಪ್ರೊಫೆಸರಮ್ಮ? ಚೀಟಿ ಎತ್ತು.”

“ಆ ರೋಮಿನೋರು ಓಡೋಗಿದ್ರು ಸ್ವಾಮಿ. ನಾವ್ ಎಲ್ಲಿ ಓಡಿದ್ವಿ? ಇಲ್ಲೇ ಕೂತು ಕಿವಿ ಅಂಟಿಸ್ತಿದ್ವಿ.”

ಅವಳು ಚೀಟಿಗಳನ್ನೆಲ್ಲ ಕಿವಿ ಅಂಟಿಸುವ ಮಣ್ಣಿನ ಗಂಜಿಯೊಳಕ್ಕೆ ಸುರಿದು ಕೋಲಿನಿಂದ ಕಲಸಿದಳು. “ದೊಣ್ಣೆ ನೀವೇ ಹಿಡೀರಿ. ಹೋಗೋರ ಹೆಸರು ನಿಮ್ಮ ಕೈಯಾರೆ ಬರೀರಿ.”

ಪಾಯಿಂಟನ್ ಒಬ್ಬೊಬ್ಬರ ಮುಂದೂ ಸಹಿಯ ಕಾಗದ ಹಿಡಿದ. ಒಂಬತ್ತು ಜನವೂ ಕೈಗೆ ಮಣ್ಣಾಗಿದೆ ಎಂದರು. ಎನಿಡ್ ಮಾತ್ರ ಎರಡೂ ಕೈಯನ್ನು ಗಂಜಿಯಲ್ಲಿ ಅದ್ದಿಯೇ ತೋರಿಸಿದಳು.

ಅವನು ಯಾರ ಹೆಸರು ಬರೆದನೆಂದು ಹೇಳಬೇಕಾಗಿಲ್ಲ. ಶುಕ್ರವಾರ ಹಿಲ್ಡಾಳ ಕೈಗೆ ಬಂದ ಪತ್ರದಲ್ಲಿ ‘ಸಿಬ್ಬಂದಿ ಹೊಂದಾಣಿಕೆ’ ಎಂದಿತ್ತು. ಅವಳು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಮೇಲೆ ‘ಡೆಸಿಮೇಟ್’ ಎಂದು ದುಂಡಗೆ ಬರೆದು, ತಿದ್ದಿದ ಪ್ರತಿಯನ್ನು ಪಾಯಿಂಟನ್‌ನ ಮೇಜಿನ ಮೇಲಿಟ್ಟು ಹೊರಟಳು.